ಒಬ್ಬೊಬ್ಬರನ್ನೇ ಕೇಳುತ್ತ ಹೋದ ಏವಿಸ್ ಕ್ಯಾಚ್‌ಪೋಲ್

ಏವಿಸ್ ಕ್ಯಾಚ್‌ಪೋಲಳ ತಾಯಿಗೆ ಹೆರಿಗೆ ನೋವು ಕಾಣಿಸಿಕೊಂಡದ್ದು ಮಾಂಸದಂಗಡಿಯ ಮುಂದಿನ ಕ್ಯೂನಲ್ಲಿ. ರೇಷನ್ ಕಾಲ. ಮುಂದೆ ಇನ್ನು ಮೂರು ನಾಲ್ಕು ಹೆಂಗಸರಷ್ಟೇ ಉಳಿದಿದ್ದರು. ಆಕೆ ಗೋಡೆಗೆ ಕೈಕೊಟ್ಟು, ಹಲ್ಲು ಕಚ್ಚಿ ನಿಂತಳು. ತನ್ನ ಪಾಲಿನ ಕುರಿಮಾಂಸ ಕಟ್ಟಿಸಿಕೊಂಡಳು. ಆಮೇಲೆ ಮನೆಗೆ ಹೋಗಿ ಹೆತ್ತಳು. ಮುಂದಿದ್ದವರು ‘ನೀನು ಮೊದಲು ಹೋಗು ತಾಯಿ’ ಅನ್ನಲಿಲ್ಲವೇ ಎಂದು ಯಾರಾದರೂ ಕೇಳಿದರೆ ಏವಿಸ್ ಹೇಳುತ್ತಿದ್ದಳು: “ಅಂದ್ರು. ನಮ್ಮಮ್ಮ ಒಪ್ಲಿಲ್ಲ. ಹಿಂದೆ ನಿಂತೋರೇನು ಪಾಪ ಮಾಡಿದ್ರು?”

ಈ ಮಾತನ್ನು ಏವಿಸ್ ತಾಯಿಹಾಲಿನ ಜೊತೆಗೇ ಕುಡಿದು ಬೆಳೆದವಳು. ಹುಟ್ಟಿದ್ದು ಲೋಸ್ಟಾಫ್ಟ್ ಊರಿನಲ್ಲಿ, ಅಲ್ಲಿನ ಕಾರ್ಖಾನೆಯಲ್ಲಿ ಬಟಾಣಿ ಸಾಗುವ ಬೆಲ್ಟಿನ ಮುಂದೆ ನಿಂತೇ ಯೌವನ ಕಳೆದದ್ದು, ಈಗ ಮುದುಕಿಯಾದದ್ದೂ ಅಲ್ಲೇ, ಸಮುದ್ರದ ಗಾಳಿಗೆ ಮುಖ ಒಡ್ಡಿಕೊಂಡು. ಆ ಊರಲ್ಲಿ ಕ್ಯೂ ಅಂದರೆ ಬರೀ ಸಾಲಲ್ಲ. ಬಸ್ಸಿಗೆ ನಿಂತರೆ ಕ್ಯೂ. ಹಡಗು ಬಂತೆಂದು ಬಂದರಿನ ಸೇತುವೆ ಎತ್ತಿದಾಗ ನಿಂತ ಕಾರುಗಳೂ ಕ್ಯೂ. ಫೋನಿನಲ್ಲಿ ಸಂಗೀತ ಕೇಳಿಸಿಕೊಳ್ಳುತ್ತ ಕಾಯುವುದೂ ಕ್ಯೂ. ಮಂಡಿಚಿಪ್ಪಿನ ಆಪರೇಷನ್ನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಮನೆಯಲ್ಲಿ ಕೂತಿರುವುದೂ ಕ್ಯೂ. ಪಬ್ಬಿನ ಕೌಂಟರಿನ ಮುಂದೆ ಸಾಲೇ ಇರುವುದಿಲ್ಲ, ಆದರೂ ಯಾರ ಮುಂದೆ ಯಾರು ಎನ್ನುವುದು ಕುಡಿದವರಿಗೂ ಗೊತ್ತಿರುತ್ತದೆ. ಗಂಡ ಡೆರೆಕ್ ಕ್ಯಾಚ್‌ಪೋಲ್ ಅವಳಿಗೆ ಗಂಟುಬಿದ್ದದ್ದೂ ಸಿನಿಮಾ ಮಂದಿರದ ಕ್ಯೂನಲ್ಲೇ. ಶನಿವಾರ ಶನಿವಾರ ಅವಳ ಬೆನ್ನಹಿಂದೆಯೇ ಬಂದು ನಿಲ್ಲುತ್ತಿದ್ದನಂತೆ. ಮಾತಾಡಲು ಧೈರ್ಯ ಬರುವ ಹೊತ್ತಿಗೆ ಚಳಿಗಾಲ ಮುಗಿದಿತ್ತು.

ಅದೇ ಡೆರೆಕ್ ಮುದಿ ವಯಸ್ಸಿನಲ್ಲಿ ಆಸ್ಪತ್ರೆಯ ಕ್ಯೂನಲ್ಲಿದ್ದ. ಹೃದಯದ ಕವಾಟ ಸವೆದಿತ್ತು. ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ‘ಒಂದು ಸಲ ಫೋನ್ ಮಾಡಿ ಕೇಳಿ’ ಎಂದು ಸೊಸೆ ಬ್ರಯನಿ ಬಾಯಿ ನೋಯುವಷ್ಟು ಹೇಳಿದಳು. “ಕೇಳೋದು ಅಂದ್ರೆ ನುಗ್ಗೋದೇ ಕಣೇ. ನಮಗಿಂತ ಕಷ್ಟದಲ್ಲಿರೋರು ಇರ್ತಾರೆ” ಎಂದಳು ಏವಿಸ್. ಕೊನೆಗೆ ಆಸ್ಪತ್ರೆಯವರೇ ಫೋನ್ ಮಾಡಿ ‘ನಿಮ್ಮ ಸರದಿ ಬಂದಿದೆ’ ಅಂದಾಗ ಡೆರೆಕ್‌ನನ್ನು ಮಣ್ಣು ಮಾಡಿ ವಾರವಾಗಿತ್ತು. ಏವಿಸ್ ಫೋನಿನಲ್ಲಿದ್ದ ಹುಡುಗಿಗೆ ಹೇಳಿದಳಂತೆ: “ಅವರ ಹಿಂದೆ ಯಾರಿದಾರೋ ಅವರಿಗೆ ಕೊಡಮ್ಮ ಆ ಜಾಗ.” ಬೀದಿಯವರು ಇದನ್ನು ಹೇಳಿಕೊಂಡು ಕಣ್ಣೊರೆಸಿಕೊಂಡರು. ಬ್ರಯನಿ ಮಾತ್ರ ಆವತ್ತಿನಿಂದ ಅತ್ತೆಯ ಮುಖ ನೋಡಿ ಮಾತಾಡುವುದು ಕಡಿಮೆ ಮಾಡಿದಳು.

ಇಂಥ ಅತ್ತೆ ಸೊಸೆಯರ ನಡುವೆ ಒಂದು ಹಲ್ಲು ಬಂತು.

ಮೊಮ್ಮಗಳು ಮೇಬಲ್‌ಗೆ ಐದು ವರ್ಷ. ಬಲಗಡೆಯ ದವಡೆಯ ಹಾಲುಹಲ್ಲು ಹುಳುಕಾಗಿ, ಒಳಗೆ ಕೀವು ಕಟ್ಟಿ, ಕೆನ್ನೆ ಬನ್ನಿನ ಹಾಗೆ ಊದಿಕೊಂಡಿತು. ಡಾಕ್ಟರು ಔಷಧಿ ಬರೆದುಕೊಟ್ಟು, ಇದು ತಾತ್ಕಾಲಿಕ, ಹಲ್ಲು ತೆಗೆಯಲೇಬೇಕು, ಅದು ಹಲ್ಲಿನ ಡಾಕ್ಟರ ಕೆಲಸ, ಊತ ಕಣ್ಣಿನ ತನಕ ಏರಿ ಕಣ್ಣು ಮುಚ್ಚಿಕೊಂಡರೆ ಮಾತ್ರ ಆಸ್ಪತ್ರೆಗೆ ಓಡಿ ಎಂದರು. ಆದರೆ ಸರಕಾರಿ ಲೆಕ್ಕದಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ಹಲ್ಲಿನ ಡಾಕ್ಟರು ಆ ಸೀಮೆಯಲ್ಲೇ ಇರಲಿಲ್ಲ. ಖಾಸಗಿಯವರಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಬ್ರಯನಿ ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಸಾರು ಕುದಿಸಿದಳು, ಬಟ್ಟೆ ಮಡಿಸಿದಳು, ಮಗುವಿನ ತಲೆ ಬಾಚಿದಳು. ‘ನೀವು ಕ್ಯೂನಲ್ಲಿದ್ದೀರಿ, ನಿಮ್ಮ ಕರೆ ನಮಗೆ ಮುಖ್ಯ’ ಎನ್ನುತ್ತಲೇ ಇತ್ತು ಫೋನಿನೊಳಗಿನ ಧ್ವನಿ. ಗಂಡ ಕ್ರೇಗ್ ಸಮುದ್ರದ ಮಧ್ಯೆ ಕರೆಂಟಿನ ಗಾಳಿಗಿರಣಿ ರಿಪೇರಿ ಮಾಡುವ ದೋಣಿಯಲ್ಲಿದ್ದ. ಔಷಧಿ ಮುಗಿಯುತ್ತ ಬಂದಿತ್ತು. ಊತ ಕೆಳಗಿಳಿಯುವ ಬದಲು ಮೆಲ್ಲಗೆ ಮೇಲೆ ಹತ್ತುತ್ತಿತ್ತು. ಬ್ರಯನಿ ದಿನಕ್ಕೆಷ್ಟೋ ಸಲ ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಕಣ್ಣಿಗೂ ಊತಕ್ಕೂ ಎಷ್ಟು ಅಂತರ ಉಳಿದಿದೆ ಎಂದು ಬೆರಳಿಟ್ಟು ನೋಡುತ್ತಿದ್ದಳು.

ಆಗ ಸುದ್ದಿ ಬಂತು. ಹೈ ಸ್ಟ್ರೀಟಿನಲ್ಲಿ ಮುಚ್ಚಿಹೋಗಿದ್ದ ಬ್ಯಾಂಕಿನ ಕಟ್ಟಡದಲ್ಲಿ ಹೊಸ ಹಲ್ಲಿನ ಆಸ್ಪತ್ರೆ ತೆರೆಯುತ್ತಾರೆ, ಸೋಮವಾರ ಬೆಳಿಗ್ಗೆ ಬಂದವರಲ್ಲಿ ಆದಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ, ನೋವಿದ್ದವರನ್ನು ಆವತ್ತೇ ನೋಡುತ್ತಾರೆ, ಉಳಿದವರಿಗೆ ದಾರಿ ಇಲ್ಲ.

“ನಾನು ನಿಲ್ತೀನಿ. ನೀನು ಬೆಳಕು ಹರಿದ ಮೇಲೆ ಮಗೂನ ಕರ್ಕೊಂಡು ಬಾ. ನೀವು ಬಂದ ತಕ್ಷಣ ನಾನು ಹೊರಗೆ. ಒಂದಕ್ಕೊಂದು ಬದ್ಲಿ, ಅದು ಸರಿಹೋಗುತ್ತೆ” ಎಂದಳು ಏವಿಸ್.

ಸೊಸೆ ಫ್ಲಾಸ್ಕಿಗೆ ಚಹ ತುಂಬಿಕೊಟ್ಟಳು.

ಸೋಮವಾರ ಬೆಳ್ಳಿ ಮೂಡುವ ಮೊದಲೇ ಏವಿಸ್ ಬ್ಯಾಂಕಿನ ಬಾಗಿಲಿಗೆ ಬೆನ್ನುಕೊಟ್ಟು ನಿಂತಿದ್ದಳು. ಮೊದಲನೆಯವಳು. ಮಾರ್ಚ್ ತಿಂಗಳ ಗಾಳಿ ಕೋಟಿನ ಗುಂಡಿಗಳ ಸಂದಿನಲ್ಲೇ ನುಗ್ಗುತ್ತಿತ್ತು. ಒಬ್ಬೊಬ್ಬರೇ ಬಂದರು. ಬಂದವರು ‘ಗುಡ್ ಮಾರ್ನಿಂಗ್’ ಅಂದರು, ‘ಚಳಿ’ ಅಂದರು, ಅವಳ ಹಿಂದೆ ನಿಂತರು. ಬೆಳಕಾಗುವ ಹೊತ್ತಿಗೆ ಸಾಲು ಬೇಕರಿ ದಾಟಿ, ಹೂವಿನಂಗಡಿ ದಾಟಿ, ಸಮುದ್ರದ ಕಡೆಗೆ ಇಳಿಯುವ ಓಣಿಯ ಬಾಯಿ ಮುಟ್ಟಿತ್ತು. ಆ ಊರಿನವರು ಇಂಥ ಓಣಿಯನ್ನು ಸ್ಕೋರ್ ಎನ್ನುತ್ತಾರೆ.

“ಏನ್ ಏವಿಸ್, ಬ್ಯಾಂಕಿನೋರು ವಾಪಸ್ ಬಂದ್ಬಿಟ್ರಾ?” ಎಂದು ದಾರಿಹೋಕನೊಬ್ಬ ಕೂಗಿದ.

“ಬಂದಿದ್ರೆ ನೀನೂ ನಿಲ್ತಿದ್ದೆ, ಹೋಗೋ!”

ಸಾಲು ನಕ್ಕಿತು. ಬ್ರಯನಿ ಮಗುವನ್ನು ಹೊತ್ತು ಬಂದಾಗ ನಗು ನಿಂತಿತು. ಹಿಂದೆ ಯಾರೋ ಗಂಟಲು ಸರಿಮಾಡಿಕೊಂಡರು. ಏವಿಸ್ ಎಲ್ಲರಿಗೂ ಕೇಳುವಂತೆ, “ಇದು ನನ್ನ ಜಾಗ, ಇದನ್ನ ಈ ಮಗೂಗೆ ಕೊಡ್ತಿದೀನಿ, ನಾನು ಈಚೆ” ಎಂದು ಸಾಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಇಟ್ಟಳು. ಗಂಟಲುಗಳು ಸುಮ್ಮನಾದವು. ಮೇಬಲಳ ಹಣೆ ಸುಡುತ್ತಿತ್ತು. ಉಣ್ಣೆಯ ಟೋಪಿಯ ಕೆಳಗೆ ಬಲಗಣ್ಣು ಸಣ್ಣದಾಗಿ ಕಾಣುತ್ತಿತ್ತು. ನಿನ್ನೆ ಹಾಗಿರಲಿಲ್ಲ.

“ಸೂಸು” ಎಂದಳು ಮೇಬಲ್.

ಬ್ರಯನಿ ಅವಳನ್ನು ಹೊತ್ತು ಸ್ಕೋರಿನ ಕೆಳಗಿರುವ ಶೌಚಾಲಯಕ್ಕೆ ಹೋದಳು. ವಾಪಸ್ ಬಂದವಳೇ ಅತ್ತೆಯ ಕಿವಿಯ ಹತ್ತಿರ ಬಾಯಿ ತಂದಳು.

“ಮಾತಾಡ್ಬೇಡಿ. ಸುಮ್ನೆ ನನ್ನ ಜೊತೆ ಬನ್ನಿ.”

“ಯಾಕೆ?”

“ಬಾಗಿಲು ಇದಲ್ಲ. ಹಿಂದುಗಡೆ, ಸ್ಕೋರಿನಲ್ಲಿ. ಗಾಜಿನ ಬಾಗಿಲು, ಬೋರ್ಡು, ದೀಪ, ಎಲ್ಲ ಅಲ್ಲಿದೆ. ಅಲ್ಲಿ ಬೇರೆ ಕ್ಯೂ ಇದೆ. ಇನ್ನೂ ಚಿಕ್ಕದು. ಈಗ್ಲೇ ಹೋದ್ರೆ ಸಿಗುತ್ತೆ.”

ಏವಿಸ್ ತಿರುಗಿ ತನ್ನ ಬೆನ್ನಹಿಂದಿನ ಬಾಗಿಲು ನೋಡಿದಳು. ಬಣ್ಣ ಸುಲಿದ ಮರ, ತುಕ್ಕು ಹಿಡಿದ ಅಗುಳಿ. ವರ್ಷಾನುಗಟ್ಟಲೆ ಪಿಂಚಣಿಗೆ ಇಲ್ಲೇ ನಿಂತಿದ್ದಳು. ಕಾಲು ತಾನೇ ಇಲ್ಲಿಗೆ ತಂದಿತ್ತು. ಇದೇ ಬಾಗಿಲು ತಾನೇ ಎಂದು ಅವಳು ಯಾರನ್ನೂ ಕೇಳಿರಲಿಲ್ಲ. ಅವಳು ನಿಂತಿದ್ದಳು ಎಂದು ಎರಡನೆಯವನು ನಿಂತ, ಇಬ್ಬರು ನಿಂತಿದ್ದರು ಎಂದು ಮೂರನೆಯವಳು. ಇಷ್ಟು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ಕ್ಯೂ ಇದ್ದ ಮೇಲೆ ಕೇಳುವುದೇನಿದೆ?

“ಇವ್ರಿಗೆ ಹೇಳ್ಬೇಕು” ಎಂದಳು.

“ಹೇಳಿದ್ರೆ ಎಲ್ಲರೂ ಹೋಗ್ತಾರೆ! ಏವಿಸ್, ಇವಳ ಕಣ್ಣು ನೋಡಿ. ನೋಡಿ ಇಲ್ಲಿ!”

“ನೋಡಿದೀನಿ. ಇವ್ರೆಲ್ಲ ನನ್ನ ನೋಡ್ಕೊಂಡು ನಿಂತೋರು ಕಣೇ.”

“ಯಾರು ನಿಲ್ಲಿ ಅಂದ್ರು ಅವ್ರಿಗೆ? ಅವ್ರಿಗೂ ಕಣ್ಣಿಲ್ವಾ?” ಬ್ರಯನಿಯ ಪಿಸುಮಾತು ಹಲ್ಲುಗಳ ನಡುವಿನಿಂದ ಬರುತ್ತಿತ್ತು. “ಡೆರೆಕ್‌ಗೂ ಹೀಗೇ ಮಾಡಿದ್ರಿ ನೀವು.”

ಆ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಏವಿಸ್ ಫ್ಲಾಸ್ಕನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಹೇಳದೆ ಹೊರಟುಬಿಡಬಹುದಿತ್ತು. ಮಗುವಿಗೆ ಏನೋ ಬೇಕಾಯಿತು ಎಂದುಕೊಳ್ಳುತ್ತಿದ್ದರು, ಅಷ್ಟೆ. ಅವಳು ಹೋದ ಮೇಲೂ ಇವರೆಲ್ಲ ಈ ಸತ್ತ ಬಾಗಿಲ ಮುಂದೆ ಮರ್ಯಾದೆಯಿಂದ ನಿಂತೇ ಇರುತ್ತಿದ್ದರು. ಅದನ್ನು ನೆನೆದೇ ಅವಳಿಗೆ ಸುಮ್ಮನೆ ಹೊರಡಲಾಗಲಿಲ್ಲ. ಸಾಲಿನ ಕಡೆ ತಿರುಗಿ ಗಂಟಲೆತ್ತಿ ಹೇಳಿದಳು:

“ನೋಡಿ, ಕ್ಷಮಿಸ್ಬೇಕು. ನಾನು ತಪ್ಪು ಬಾಗಿಲಲ್ಲಿ ನಿಂತುಬಿಟ್ಟೆ. ಆಸ್ಪತ್ರೆ ಬಾಗಿಲು ಹಿಂದೆ, ಸ್ಕೋರಿನಲ್ಲಿದೆ.”

ಸಾಲಿನ ಬಾಲ ಮೆಲ್ಲಗೆ ಬಿಚ್ಚಿಕೊಂಡಿತು. ಯಾರೂ ಓಡಲಿಲ್ಲ. ಓಡಿದರೆ ಮರ್ಯಾದೆ ಹೋಗುತ್ತದೆ, ನಿಧಾನವಾಗಿ ನಡೆದರೆ ಜಾಗ ಹೋಗುತ್ತದೆ. ಹಾಗಾಗಿ ಮೊಣಕಾಲು ಬಿಗಿಹಿಡಿದು, ಮುಖ ಆ ಕಡೆ ಈ ಕಡೆ ತಿರುಗಿಸಿ, ಬೇರೆಲ್ಲೋ ಹೋಗುತ್ತಿರುವವರಂತೆ ದಾಪುಗಾಲು ಹಾಕಿದರು. ಸ್ಕೋರಿನ ಬಾಯಿಯ ಹತ್ತಿರ ಇದ್ದವರು ಸಾಲಿನ ಕೊನೆಯವರು, ಹಾಗಾಗಿ ಅವರೇ ಮೊದಲು ಇಳಿದರು. ಬಾಗಿಲಿಗೆ ಅಂಟಿಕೊಂಡು ನಿಂತಿದ್ದ ಏವಿಸ್, ಬ್ರಯನಿ, ಮಗು, ಮೂವರೂ ಹೋಗಿ ಸೇರುವಷ್ಟರಲ್ಲಿ ಹೊಸ ಸಾಲು ಕೆಳಗಿನ ಬಾಗಿಲೇ ಕಾಣದಷ್ಟು ಮೇಲಿನ ತನಕ ಬೆಳೆದಿತ್ತು.

ಬ್ರಯನಿ ಸಾಲು ಬಿಟ್ಟು ಗಾಜಿನ ಬಾಗಿಲಿನ ತನಕ ಹೋಗಿ ತಟ್ಟಿದಳು. ಒಳಗಿದ್ದ ಹುಡುಗಿ ನಗುಮುಖದಿಂದಲೇ ತಲೆಯಾಡಿಸಿ, ಬೆರಳಿನಲ್ಲಿ ಸಾಲಿನ ಕೊನೆ ತೋರಿಸಿದಳು. ಬ್ರಯನಿ ಹತ್ತಿ ವಾಪಸ್ ಬಂದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಏವಿಸಳಿಗೆ ಹಗುರವಾಗುತ್ತಿತ್ತು.

“ಆಯ್ತಾ?” ಎಂದಳು. “ನಿಮ್ಮ ನ್ಯಾಯ ಆಯ್ತಲ್ಲ. ಈಗ ನಿಮ್ಮ ಮೊಮ್ಮಗಳು ಎಲ್ಲರಿಗಿಂತ ಹಿಂದೆ.”

ಮೇಬಲ್ ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿಕೊಂಡು ಮುಲುಗುತ್ತಿದ್ದಳು. ಏವಿಸ್ ಸಾಲನ್ನು ನೋಡಿದಳು. ಕೋಟುಗಳ ಬೆನ್ನು, ಟೋಪಿಗಳ ಬೆನ್ನು. ಒಬ್ಬರ ಮುಂದೆ ನುಗ್ಗುವುದು ಅವಳಿಂದ ಸಾಯುವ ತನಕ ಆಗದ ಕೆಲಸ. ಮುಂದೆ ನಿಂತವನು ದೊಡ್ಡ ಮನಸ್ಸು ಮಾಡಿ ‘ಬನ್ನಿ’ ಎಂದರೂ ಅದು ಅವನೊಬ್ಬನ ಜಾಗವಲ್ಲ, ಅವನ ಹಿಂದಿನ ಒಬ್ಬೊಬ್ಬರೂ ಒಂದೊಂದು ಹೆಜ್ಜೆ ಹಿಂದೆ ಬೀಳುತ್ತಾರೆ. ಹಾಗಾದರೆ ಹಿಂದಿನಿಂದ ಕೇಳುತ್ತ ಹೋದರೆ? ಕೊನೆಯವನನ್ನು ಮೊದಲು, ಆಮೇಲೆ ಅವನ ಮುಂದಿನವಳನ್ನು. ಒಪ್ಪಿದವರನ್ನಷ್ಟೇ ದಾಟುವುದು. ಹಾಗೆ ಹೋದರೆ ಯಾರ ಜಾಗವೂ ಅವರಿಗೆ ಗೊತ್ತಿಲ್ಲದೆ ಹೋಗುವುದಿಲ್ಲ.

ಲೆಕ್ಕ ಸರಿಯಾಗಿತ್ತು. ಆದರೆ ಗಂಡನ ಜೀವಕ್ಕೂ ಅವಳು ಯಾರನ್ನೂ ಕೇಳಿದವಳಲ್ಲ.

ಮುಂದಿದ್ದವನು ತಲೆಗೆ ಮುಸುಕು ಎಳೆದುಕೊಂಡ ತರುಣ. ಕಿವಿಯಲ್ಲಿ ಸಂಗೀತ. ಏವಿಸ್ ಅವನ ತೋಳು ಮುಟ್ಟಿದಳು.

“ತಪ್ಪು ತಿಳ್ಕೋಬೇಡಪ್ಪ. ಈ ಮಗೂಗೆ ಹಲ್ಲಲ್ಲಿ ಕೀವಾಗಿದೆ. ನಿನ್ನ ಮುಂದೆ ಬಿಡ್ತೀಯಾ? ಮಗು ಒಂದೇ. ನಾನಲ್ಲ.”

“ಹಾಂ?” ಅವನು ಕಿವಿಯಿಂದ ತಂತಿ ಕಿತ್ತ. ಮತ್ತೆ ಹೇಳಬೇಕಾಯಿತು. ಎರಡನೆಯ ಸಲ ಇನ್ನೂ ಕಷ್ಟವಾಗಿತ್ತು. “ಓ. ಹೋಗಿ ಹೋಗಿ” ಎಂದ.

ಒಂದು ಜಾಗ.

ಬ್ರಯನಿ ಮೊದಲು ಅರ್ಥವಾಗದೆ ನೋಡಿದಳು, ಆಮೇಲೆ ಹೆಜ್ಜೆ ಇಟ್ಟಳು. ಚಕ್ರದ ಚೀಲ ಹಿಡಿದಿದ್ದ ಹೆಂಗಸು, “ನೀವು ಹೇಳದಿದ್ರೆ ನಾವಿನ್ನೂ ಆ ಬ್ಯಾಂಕಿಗೇ ಕೈಮುಗೀತಿದ್ವಿ, ಹೋಗಮ್ಮ” ಎಂದು ಮಗುವಿನ ಬೆನ್ನು ಸವರಿದಳು. ಅವಳ ಮುಂದೆ ಗಂಡ ಹೆಂಡತಿ ನಿಂತಿದ್ದರು. ಗಂಡ ಹೆಂಡತಿಯ ಮುಖ ನೋಡಿದ, ಹೆಂಡತಿ ಆಕಾಶ ನೋಡಿದಳು, ಗಂಡ ‘ಸರಿ’ ಎಂದ. ಕೆಂಪು ಮೂಗಿನವನೊಬ್ಬ ಮಾತ್ರ ಇಡೀ ಸಾಲಿಗೆ ಕೇಳುವಂತೆ, “ಮೊದ್ಲು ತಪ್ಪು ಬಾಗಿಲಲ್ಲಿ ನಿಲ್ಲಿಸ್ತೀರಿ, ಈಗ ಮುಂದೆ ಬಿಡಿ ಅಂತೀರಿ! ಮಧ್ಯಾಹ್ನದ ಊಟಾನೂ ನಾವೇ ಕೊಡಿಸ್ಬೇಕಾ?” ಎಂದ.

“ಬೇಡಪ್ಪ. ಜಾಗ ಸಾಕು.”

ಯಾರೋ ಕಿಸಕ್ಕನೆ ನಕ್ಕರು. ಅವನು ಗೊಣಗುತ್ತ ಪಕ್ಕಕ್ಕೆ ಸರಿದ.

ಬ್ರಯನಿ ಈಗ ಟೋಪಿ ಸರಿಸಿ ಮಗುವಿನ ಮುಖವನ್ನು ಮುಂದಿನವರ ಕಡೆ ತಿರುಗಿಸಿದಳು. ಏವಿಸ್ ಟೋಪಿಯನ್ನು ಮತ್ತೆ ಕೆಳಗೆಳೆದಳು.

“ಮುಖ ತೋರಿಸ್ಬೇಡ. ನಾವು ಕೇಳ್ತಿದೀವಿ, ಹೆದರಿಸ್ತಿಲ್ಲ. ಬೇಡ ಅನ್ನೋಕೆ ಅವ್ರಿಗೂ ದಾರಿ ಇರ್ಲಿ.”

“ನಿಮ್ಗೆ ಹುಚ್ಚು.”

“ಇರ್ಲಿ. ನಡಿ.”

ಬೆನ್ನಿನಿಂದ ಬೆನ್ನಿಗೆ ಇಳಿಯುತ್ತ ಹೋದರು. ಇಳಿಜಾರು ಕಲ್ಲು ಜಾರುತ್ತಿತ್ತು. ಪ್ರತಿ ಸಲವೂ ಅವೇ ಮಾತು, ಪ್ರತಿ ಸಲವೂ ಎದುರಿನ ಮುಖ ಒಂದು ಕ್ಷಣ ಬಾಗಿಲು ಹಾಕಿಕೊಂಡು ಮತ್ತೆ ತೆರೆಯುತ್ತಿತ್ತು. ಬಾಗಿಲಿನ ಹತ್ತಿರ ಚಲನೆ ಕಾಣಿಸಿತು. ಒಳಗಿನ ಹುಡುಗಿ ಬೀಗ ತೆಗೆಯುತ್ತಿದ್ದಳು.

“ಬೇಗ” ಎಂದಳು ಬ್ರಯನಿ. “ಏವಿಸ್, ಬೇಗ.”

ದವಡೆಗೆ ಕರ್ಚೀಫು ಕಟ್ಟಿಕೊಂಡ ಉದ್ದನೆಯ ಮುದುಕನೊಬ್ಬ ನಿಂತಿದ್ದ. ಮೊದಲು ಬ್ಯಾಂಕಿನ ಮುಂದೆ ಸಾಲಿನ ಬಾಲದಲ್ಲಿದ್ದವನು. ಅಟ್ಟಿಂಗ್ ಎಂದು ಹೆಸರು, ಮೀನುದೋಣಿಯಲ್ಲಿ ದುಡಿದು ನಿವೃತ್ತನಾದವನು, ಮುಖಪರಿಚಯ. ಏವಿಸ್ ಬಾಯಿ ತೆರೆಯುವ ಮೊದಲೇ ಕೈಯಾಡಿಸಿದ. ಬಾಯಿ ಪೂರ್ತಿ ತೆರೆಯಲಾಗದೆ, ತುಟಿಯ ಒಂದು ಮೂಲೆಯಿಂದ ಹೇಳಿದ:

“ಕೇಳಿಸ್ತಿದೆ, ಮೇಲಿಂದ ಕೇಳ್ಕೊಂಡು ಬರ್ತಿದೀರಲ್ಲ. ಹೋಗಿ. ಒಂದು ಜಾಗದಿಂದ ಏನಾಗುತ್ತೆ?”

ಅವನ ಮುಂದೆ ಮಧ್ಯವಯಸ್ಸಿನ ಒಬ್ಬಳು. ಏವಿಸ್ ಕೇಳಿದಳು. ಅವಳು ತಿರುಗಿ, ಏವಿಸಳನ್ನೂ ಮಗುವನ್ನೂ ನೆಟ್ಟಗೆ ನೋಡಿದಳು.

“ಇಲ್ಲ” ಎಂದಳು. “ಕ್ಷಮಿಸಿ. ನನಗೂ ಮನೇಲಿ ಇಬ್ರಿದಾರೆ. ನಾನು ಬಿಡಲ್ಲ.”

“ಸರಿಯಮ್ಮ. ತಪ್ಪೇನಿಲ್ಲ” ಎಂದಳು ಏವಿಸ್, ಥಟ್ಟನೆ.

“ತಪ್ಪೇನಿಲ್ವಾ?” ಬ್ರಯನಿ ಹಲ್ಲು ಕಡಿದಳು. “ಇನ್ನೊಂದ್ಸಲ ಕೇಳಿ! ಇವ್ರನ್ನ ಬಿಟ್ಟು ಅವರ ಮುಂದಿನೋರ್ನ ಕೇಳಿ!”

“ಬೇಡ ಅಂದೋರನ್ನ ದಾಟೋಕಾಗಲ್ಲ. ಇಲ್ಲೇ ನಿಲ್ಲು.”

ಬಾಗಿಲು ತೆರೆಯಿತು. ಸಾಲು ಕುಂಟುತ್ತ ಒಳಗೆ ಸರಿಯತೊಡಗಿತು. ಒಬ್ಬರು, ಇಬ್ಬರು, ನಿಲ್ಲು. ಮತ್ತೊಬ್ಬರು, ನಿಲ್ಲು. ಏವಿಸ್ ಸಾಲಿನ ಹೊರಗೆ, ಗೋಡೆಗೆ ಒತ್ತಿಕೊಂಡು, ಮೊಮ್ಮಗಳ ಜೊತೆಜೊತೆಗೇ ಇಳಿಯುತ್ತಿದ್ದಳು. ಬಾಗಿಲು ತೆರೆದ ಹುಡುಗಿ ಒಳಗೆ ಇಣುಕಿ ಏನೋ ಕೇಳಿದಳು, ಹೊರಗೆ ಬಂದಳು, ಸಾಲಿನುದ್ದಕ್ಕೂ ಕಣ್ಣಾಡಿಸಿದಳು. ಅವಳ ಮುಖ ನೋಡಿಯೇ ಸಾಲಿಗೆ ಗೊತ್ತಾಯಿತು. ಅವಳು ಕೈ ನೆಟ್ಟಗೆ ಮುಂದೆ ಚಾಚಿಕೊಂಡು ನಡೆದು ಬಂದಳು, ‘ಇಲ್ಲ’ ಎಂದ ಹೆಂಗಸನ್ನು ದಾಟಿದಳು, ನಿಂತಳು.

ಬ್ರಯನಿ ಕಣ್ಣು ಮುಚ್ಚಿಕೊಂಡಿದ್ದಳು.

“ಮಗೂಗಾ, ನಿಮಗಾ?”

“ಮಗೂಗೆ. ಮಗು ಒಂದೇ.”

“ಹಾಗಾದ್ರೆ ಬನ್ನಿ.” ಕೈ ಅವರ ಬೆನ್ನಹಿಂದೆ ಇಳಿಯಿತು, ಅಟ್ಟಿಂಗನ ಎದೆಯ ಮುಂದೆ. “ಇವತ್ತಿಗೆ ಇಷ್ಟೇ. ನಿಜವಾಗ್ಲೂ ಕ್ಷಮಿಸಿ, ಎಲ್ಲರೂ.”

ಬ್ರಯನಿ ಓಡಿದಳು. ಆ ಬೆಳಿಗ್ಗೆ ಸ್ಕೋರಿನಲ್ಲಿ ಓಡಿದವಳು ಅವಳೊಬ್ಬಳೇ. ಹಿಂದೆ ತಿರುಗಿ ಅತ್ತೆಯನ್ನು ನೋಡಲೂ ಇಲ್ಲ. ಗಾಜಿನ ಬಾಗಿಲು ಮುಚ್ಚಿತು.

ಸಾಲು ಒಡೆಯಿತು. ಕೆಂಪು ಮೂಗಿನವನು ಏನೋ ಅಂದುಕೊಂಡು ಮೇಲೆ ಹತ್ತಿದ. ಚಕ್ರದ ಚೀಲ ಕಲ್ಲುಗಳ ಮೇಲೆ ಸದ್ದು ಮಾಡುತ್ತ ದೂರವಾಯಿತು. ಅಟ್ಟಿಂಗ್ ಮಾತ್ರ ಕೈ ಇಳಿದ ಜಾಗದಲ್ಲೇ ನಿಂತಿದ್ದ, ಇನ್ನೂ ಆ ಕೈ ಅಲ್ಲೇ ಇದೆಯೇನೋ ಎಂಬಂತೆ. ಕರ್ಚೀಫಿನ ಗಂಟು ನೆತ್ತಿಯ ಮೇಲೆ ಮೊಲದ ಕಿವಿಯ ಹಾಗೆ ನಿಂತಿತ್ತು. ಏವಿಸ್ ಹೊರಟುಹೋಗಬಹುದಿತ್ತು. ಗೋಡೆ ಬಿಟ್ಟು ಅವನ ಎದುರಿಗೆ ಬಂದು ನಿಂತಳು.

“ಅದು ನಿಮ್ಮ ಜಾಗ” ಎಂದಳು. “ನಾನು ಕೇಳದಿದ್ರೆ ನೀವು ಒಳಗಿರ್ತಿದ್ರಿ. ಕ್ಷಮಿಸಿ.”

“ನೀವು ಯಾಕೆ? ಬಿಟ್ಟೋನು ನಾನು. ಕ್ಷಮಿಸಿ.”

“ಅಲ್ಲ, ಕೇಳಿದ್ದು ನಾನು.”

“ಕೇಳೋದೇನು ತಪ್ಪಾ?”

ಏವಿಸ್ ಫ್ಲಾಸ್ಕಿನ ಮುಚ್ಚಳಕ್ಕೆ ಚಹ ಬಗ್ಗಿಸಿ ಕೊಟ್ಟಳು. ಅವನು ನೋವಿಲ್ಲದ ಕಡೆಯಿಂದ ಒಂದು ಗುಟುಕು ಕುಡಿದ, ಬಿಸಿ ತಾಗಿ ಕಣ್ಣು ಬಿಗಿಮುಚ್ಚಿದ, ಮುಚ್ಚಳ ಹಿಂದಕ್ಕೆ ಕೊಡಲಿಲ್ಲ. ಎಷ್ಟು ದಿನದಿಂದ ನೋವು ಎಂದು ಕೇಳಿದರೆ, ಕ್ರಿಸ್ಮಸ್‌ಗೆ ಮುಂಚಿನಿಂದ ಎಂದ. ಮುಂದೇನು ಮಾಡ್ತೀರಿ ಎಂದರೆ, ನೋಡೋಣ ಎಂದ. ಇಬ್ಬರೂ ಬಾಗಿಲನ್ನೇ ನೋಡುತ್ತಿದ್ದರು.

ಹೀಗೆ ಬಹಳ ಹೊತ್ತು ನಿಂತಿದ್ದರು. ಆಗ ಒಳಗಿನಿಂದ ಒಂದು ಚೀತ್ಕಾರ ಬಂತು. ಗಾಜು, ಗೋಡೆ, ಬ್ಯಾಂಕಿನ ದಪ್ಪ ಕಲ್ಲು, ಯಾವುದೂ ಅದನ್ನು ತಡೆಯಲಿಲ್ಲ. ಸೂರಿನ ಮೇಲಿದ್ದ ಕಡಲಹಕ್ಕಿಗಳು ಎದ್ದು ಹಾರಿದವು. ಏವಿಸಳ ಕೈ ತಾನಾಗಿ ಅಟ್ಟಿಂಗನ ಕೋಟಿನ ತೋಳು ಹಿಡಿಯಿತು.

“ನಿಮ್ಮದೇನಾ?”

“ಹೂಂ.”

ಎರಡನೆಯ ಕೂಗು ಬಂತು, ಮೊದಲಿನದಕ್ಕಿಂತ ಸಿಟ್ಟಿನದು. ಆಮೇಲೆ ನಿಂತಿತು. ಬ್ರಯನಿಯ ಧ್ವನಿ ಕೇಳಿಸಿತು, ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ, ಆದರೆ ಇಷ್ಟು ದಿನ ಬಿಗಿದಿದ್ದ ಆ ಧ್ವನಿ ಸಡಿಲವಾಗಿತ್ತು.

“ಹಲ್ಲು ಬಂತು ಬಿಡಿ” ಎಂದ ಅಟ್ಟಿಂಗ್ ತುಟಿಯ ಮೂಲೆಯಿಂದ. “ಗಂಟಲು ಗಟ್ಟಿ ಇದೆ. ಮುಂದೆ ಕೂಗಿ ಮೀನು ಮಾರ್ಬೋದು.”

ಏವಿಸ್ ನಗಲು ಹೋದಳು, ಅಳು ಬಂತು. ಅವನ ತೋಳು ಬಿಡದೆಯೇ ಅತ್ತಳು. ಅವನು ಸಂಕೋಚದಿಂದ ಸಮುದ್ರದ ಕಡೆ ಮುಖ ಮಾಡಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವಳು ಮೂಗೊರೆಸಿಕೊಂಡು ಕೋಟು ಸರಿಮಾಡಿಕೊಂಡಳು.

“ನೀವು ಇಲ್ಲೇ ಇರಿ” ಎಂದಳು. “ನಾನು ಬಾಗಿಲು ತಟ್ಟಿ, ನಿಮ್ಮ ವಿಷ್ಯ ಕೇಳಿ ಬರ್ತೀನಿ.”